ಅಂಟಾರ್ಕ್ಟಿಕಾದ ಹಕ್ಕಿ ನಮ್ಮ ಮುಂಗಾರಿಗೆ ಏಕೆ ಬರುತ್ತದೆ?

ಮೈಸೂರು, ಮಂಡ್ಯ ಕಡೆಯ ಪಕ್ಷಿಪ್ರಿಯರಿಗೆ ವಲಸೆ ಎಂದರೆ ಚಳಿಗಾಲದ ಮಾತು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುವುದು, ಬಿಸಿಲು ಏರುತ್ತಿದ್ದಂತೆ ಮತ್ತೆ ಉತ್ತರಕ್ಕೆ ಹೊರಟುಹೋಗುವುದು ಇಲ್ಲಿನವರು ವರ್ಷವರ್ಷವೂ ನೋಡುತ್ತ ಬಂದಿರುವ ಸಂಗತಿ. ಈಚಿನ ವರ್ಷಗಳಲ್ಲಿ ಇದೇ ಊರುಗಳ ಪಕ್ಷಿವೀಕ್ಷಕರು ಮಲ್ಪೆ, ಮಂಗಳೂರಿನತ್ತ ಹೋಗಿ, ಮೀನುಗಾರಿಕೆಯ ದೋಣಿ ಹತ್ತಿ, ದಡ ಕಣ್ಮರೆಯಾಗುವಷ್ಟು ದೂರದ ಕಡಲಿನಲ್ಲಿ ಹಕ್ಕಿ ನೋಡುವ ಹವ್ಯಾಸವನ್ನೂ ಬೆಳೆಸಿಕೊಂಡಿದ್ದಾರೆ. ಅವರು ಮೊಬೈಲಿನಲ್ಲಿ ಹಂಚಿಕೊಳ್ಳುವ ಚಿತ್ರಗಳಲ್ಲಿ ಒಂದು ಪುಟ್ಟ ಕಪ್ಪು ಹಕ್ಕಿ ಮತ್ತೆ ಮತ್ತೆ ಕಾಣುತ್ತದೆ. ಅದು ಬರುವುದು ಉತ್ತರದಿಂದಲ್ಲ, ದಕ್ಷಿಣದ ತುತ್ತತುದಿಯಿಂದ. ಬರುವ ಕಾಲವೂ ಚಳಿಗಾಲವಲ್ಲ, ಮುಂಗಾರು. ಅದರ ಹೆಸರು ವಿಲ್ಸನ್ ಸ್ಟಾರ್ಮ್ ಪೆಟ್ರೆಲ್.

ಅಂಟಾರ್ಕ್ಟಿಕಾದ ಬಂಡೆ ಸಂದಿನಲ್ಲಿ ಹುಟ್ಟಿದ ಹಕ್ಕಿ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಿ ನಮ್ಮ ಅರಬ್ಬೀ ಸಮುದ್ರಕ್ಕೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಅದು ಕೃಷ್ಣರಾಜಸಾಗರವನ್ನು ತುಂಬಿಸುವ ಗಾಳಿಯ ಬಳಿಗೇ ಬಂದು ನಿಲ್ಲುತ್ತದೆ. ಅದನ್ನು ಹೇಳುವ ಮೊದಲು ಹಕ್ಕಿಯ ಪರಿಚಯವಾಗಬೇಕು.

ಯಾವ ಹಕ್ಕಿ ಇದು?

ಕೊಕ್ಕಿನಿಂದ ಬಾಲದ ತುದಿಯವರೆಗೆ 16ರಿಂದ 18 ಸೆಂಟಿಮೀಟರ್, ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 40 ಸೆಂಟಿಮೀಟರ್, ತೂಕ 35ರಿಂದ 40 ಗ್ರಾಂ. ಅಂದರೆ ಮೈಗಾತ್ರದಲ್ಲಿ ಮನೆಯ ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದು. ಮೈಬಣ್ಣ ಮಸಿಯಂಥ ಕಂದುಗಪ್ಪು. ಬಾಲದ ಬುಡದಲ್ಲಿ ಮಾತ್ರ ಎದ್ದು ಕಾಣುವ ಬಿಳಿಯ ಪಟ್ಟಿ. ಕಾಲುಗಳು ಕಡ್ಡಿಯಂತೆ ತೆಳುವಾಗಿ, ಮೈಗೆ ಹೋಲಿಸಿದರೆ ಬಹಳ ಉದ್ದವಾಗಿದ್ದು, ಹಾರುವಾಗ ಪಾದಗಳು ಬಾಲವನ್ನೂ ದಾಟಿ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಕಪ್ಪು ಬೆರಳುಗಳ ನಡುವಿನ ಜಾಲಪೊರೆ ಹಳದಿ. ದೂರದಿಂದ ಇದು ಕಾಣುವುದಿಲ್ಲವಾದರೂ ಹಕ್ಕಿ ಕೈಗೆ ಸಿಕ್ಕಾಗ ಗುರುತಿಸಲು ಇದಕ್ಕಿಂತ ಖಚಿತವಾದ ಲಕ್ಷಣ ಇನ್ನೊಂದಿಲ್ಲ.

ಕೊಕ್ಕಿನ ಮೇಲ್ಭಾಗದಲ್ಲಿ ಒಂದು ಚಿಕ್ಕ ಕೊಳವೆ ಕೂಡಿಸಿದಂತಿರುತ್ತದೆ. ಅದು ಮೂಗಿನ ಹೊಳ್ಳೆಗಳ ಕೊಳವೆ. ಇಂಥ ಕೊಳವೆಮೂಗಿನ ಹಕ್ಕಿಗಳನ್ನೆಲ್ಲ ವಿಜ್ಞಾನಿಗಳು ಒಂದೇ ಗಣದಲ್ಲಿ ಇಟ್ಟಿದ್ದಾರೆ. ಮೂರೂವರೆ ಮೀಟರಿನವರೆಗೆ ರೆಕ್ಕೆ ಚಾಚುವ ಅಲೆಮಾರಿ ಆಲ್ಬಟ್ರಾಸ್ ಈ ಗಣದ ದೈತ್ಯನಾದರೆ, ನಮ್ಮ ಪೆಟ್ರೆಲ್ ಅದೇ ಬಳಗದ ಅತಿ ಚಿಕ್ಕ ಸದಸ್ಯರಲ್ಲೊಂದು. ಹಕ್ಕಿಗೆ 1820ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವನು ಜರ್ಮನಿಯ ಹೈನ್ರಿಚ್ ಕೂಲ್. ಅದರ ಹೆಸರಿನಲ್ಲಿರುವ ವಿಲ್ಸನ್ ಎಂದರೆ ಅಲೆಕ್ಸಾಂಡರ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ನೇಕಾರನಾಗಿದ್ದು, ಅಮೆರಿಕಕ್ಕೆ ಹೋಗಿ ಅಲ್ಲಿನ ಪಕ್ಷಿಶಾಸ್ತ್ರಕ್ಕೆ ತಳಪಾಯ ಹಾಕಿದವನು.

ನೀರಿನ ಮೇಲೆ ಹೆಜ್ಜೆ ಹಾಕುವ ಬಗೆ

ದೋಣಿಯಿಂದ ಈ ಹಕ್ಕಿಯನ್ನು ಮೊದಲ ಬಾರಿಗೆ ನೋಡಿದವರು ಅದು ನೀರಿನ ಮೇಲೆ ನಡೆಯುತ್ತಿದೆ ಎಂದೇ ಹೇಳುತ್ತಾರೆ. ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು, ಉದ್ದ ಕಾಲುಗಳನ್ನು ಇಳಿಬಿಟ್ಟು, ಅಲೆಯ ಮೈಮೇಲೆ ಪಟಪಟನೆ ಪಾದ ತಾಗಿಸುತ್ತ, ಕೊಕ್ಕು ಬಗ್ಗಿಸಿ ನೀರಿನ ಮೇಲ್ಪದರದಿಂದ ಏನನ್ನೋ ಹೆಕ್ಕುತ್ತ ಅದು ಒಂದೇ ಕಡೆ ನಿಂತಂತೆ ಕಾಣುತ್ತದೆ. ಇಷ್ಟು ಹಗುರವಾದ ಹಕ್ಕಿ ಬಿರುಗಾಳಿಯಲ್ಲಿ ತೂರಿಹೋಗದೆ ನಿಲ್ಲುವುದು ಹೇಗೆ?

ಆಷಾಢದ ಗಾಳಿಗೆ ಹಾರಿಸುವ ಗಾಳಿಪಟವನ್ನು ನೆನೆದರೆ ಉತ್ತರ ಸುಲಭ. ದಾರ ಹಿಡಿದಿರುವಷ್ಟು ಹೊತ್ತು ಪಟ ಮೇಲೆ ನಿಲ್ಲುತ್ತದೆ, ದಾರ ತುಂಡಾದರೆ ಗಾಳಿಯ ಜೊತೆ ಹೋಗಿ ಎಲ್ಲೋ ಬೀಳುತ್ತದೆ. ಏಕೆಂದರೆ ಪಟವನ್ನು ಎತ್ತುವುದು ಬರಿಯ ಗಾಳಿಯಲ್ಲ, ಗಾಳಿಗೂ ಪಟಕ್ಕೂ ನಡುವೆ ಇರುವ ವೇಗದ ವ್ಯತ್ಯಾಸ, ಆ ವ್ಯತ್ಯಾಸವನ್ನು ಉಳಿಸಿಕೊಡುವುದು ದಾರ. ಪೆಟ್ರೆಲ್‌ಗೆ ಅದರ ಪಾದಗಳೇ ದಾರ. ನೀರು ಗಾಳಿಗಿಂತ ಬಹಳ ನಿಧಾನವಾಗಿ ಚಲಿಸುವುದರಿಂದ, ನೀರಿನಲ್ಲಿ ಅದ್ದಿದ ಪಾದಗಳ ಮೇಲೆ ಎಳೆತ ಉಂಟಾಗುತ್ತದೆ. ಆ ಎಳೆತ ಹಕ್ಕಿಯನ್ನು ಗಾಳಿಗೆ ಎದುರಾಗಿ ತಡೆದು ಹಿಡಿಯುತ್ತದೆ. ತಡೆದು ನಿಂತ ರೆಕ್ಕೆಗಳ ಸುತ್ತ ಗಾಳಿ ಹರಿದು ಮೈಯನ್ನು ಎತ್ತಿ ಹಿಡಿಯುತ್ತದೆ. ಹೀಗಾಗಿ ರೆಕ್ಕೆ ಬಡಿಯುವ ಶ್ರಮ ಬಹಳ ಮಟ್ಟಿಗೆ ಉಳಿಯುತ್ತದೆ. ಗಾಳಿ ಜೋರಾದಷ್ಟೂ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಹಳೆಯ ಕಾಲದ ನಾವಿಕರು ಈ ಹಕ್ಕಿಗಳೇ ಬಿರುಗಾಳಿಯನ್ನು ಕರೆತರುತ್ತವೆ ಎಂದು ನಂಬಿದ್ದರಂತೆ. ಗಾಳಿ ಎದ್ದಾಗ ಹಡಗಿನ ಹಿಂದೆಯೇ ನಿಶ್ಚಿಂತೆಯಿಂದ ಮೇಯುತ್ತಿದ್ದ ಹಕ್ಕಿಗಳನ್ನು ಕಂಡವರಿಗೆ ಹಾಗನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನೀರಿನ ಮೇಲೆ ಇಷ್ಟೆಲ್ಲ ಆಡುವ ಈ ಕಾಲುಗಳು ನೆಲದ ಮೇಲೆ ಮಾತ್ರ ಕೆಲಸಕ್ಕೆ ಬಾರವು. ಮೈಯ ಭಾರವನ್ನು ಹೊರುವ ಬಲ ಅವಕ್ಕಿಲ್ಲ. ಗೂಡಿನ ಬಾಯಿಯಿಂದ ಒಳಕ್ಕೆ ತೆವಳುವಷ್ಟರಲ್ಲೇ ಹಕ್ಕಿ ಸುಸ್ತಾಗುತ್ತದೆ.

ವಾಸನೆಯ ಜಾಡು

ಎತ್ತ ನೋಡಿದರೂ ಒಂದೇ ತೆರನಾಗಿ ಕಾಣುವ ಸಮುದ್ರದಲ್ಲಿ ಆಹಾರ ಎಲ್ಲಿದೆ ಎಂದು ತಿಳಿಯುವುದು ಕಣ್ಣಿನಿಂದ ಆಗುವ ಕೆಲಸವಲ್ಲ. ಪೆಟ್ರೆಲ್ ತಿನ್ನುವುದು ಮುಖ್ಯವಾಗಿ ಕ್ರಿಲ್ ಎಂಬ ಸಿಗಡಿಯಂಥ ಜೀವಿಗಳನ್ನು, ಸಣ್ಣ ಮೀನುಗಳನ್ನು, ನೀರಿನ ಮೇಲೆ ತೇಲುವ ಕೊಬ್ಬಿನ ಹನಿಗಳನ್ನು. ಕ್ರಿಲ್ ತಿನ್ನುವುದು ಬರಿಗಣ್ಣಿಗೆ ಕಾಣದ ತೇಲುಸಸ್ಯಗಳನ್ನು. ಕ್ರಿಲ್ ಹಾಗೂ ಅಂಥ ಇತರ ಜೀವಿಗಳು ಈ ಸಸ್ಯಗಳನ್ನು ಮೇಯುವಾಗ ಅವುಗಳ ಕೋಶಗಳು ಒಡೆದು ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತವೊಂದು ಹೊರಬಂದು ಗಾಳಿಗೆ ಸೇರುತ್ತದೆ. ಕಡಲ ದಂಡೆಯಲ್ಲಿ ಮೂಗಿಗೆ ಬಡಿಯುವ ವಾಸನೆಯಲ್ಲಿ ಇದರ ಪಾಲೂ ಇದೆ. ಈ ವಾಸನೆ ದಟ್ಟವಾಗಿರುವ ಕಡೆ ಮೇಯುವವರು ಇದ್ದಾರೆ ಎಂದರ್ಥ.

ಹಕ್ಕಿಗಳಿಗೆ ವಾಸನೆ ತಿಳಿಯುವುದೇ ಇಲ್ಲ ಎಂಬ ನಂಬಿಕೆ ಬಹುಕಾಲ ವಿಜ್ಞಾನಿಗಳಲ್ಲೂ ಇತ್ತು. ಅಮೆರಿಕದ ಗೇಬ್ರಿಯೆಲ್ ನೆವಿಟ್ ಮತ್ತು ಸಂಗಡಿಗರು ದಕ್ಷಿಣ ಜಾರ್ಜಿಯಾ ದ್ವೀಪದ ಬಳಿ ಸಮುದ್ರದ ಮೇಲೆ ಅಡುಗೆ ಎಣ್ಣೆಯ ತೆಳುಪದರ ಹರಡಿ ಇದನ್ನು ಪರೀಕ್ಷಿಸಿದರು. ಕೆಲವು ಪದರಗಳಿಗೆ ಡೈಮಿಥೈಲ್ ಸಲ್ಫೈಡ್ ಬೆರೆಸಿದ್ದರು, ಕೆಲವಕ್ಕೆ ಬೆರೆಸಿರಲಿಲ್ಲ. ವಿಲ್ಸನ್ ಪೆಟ್ರೆಲ್‌ಗಳೂ ಸೇರಿದಂತೆ ಹಲವು ಕೊಳವೆಮೂಗಿನ ಹಕ್ಕಿಗಳು ವಾಸನೆಯಿದ್ದ ಪದರಗಳತ್ತಲೇ ಹೆಚ್ಚಾಗಿ ಬಂದವು. 1995ರಲ್ಲಿ ಪ್ರಕಟವಾದ ಈ ಕೆಲಸದ ನಂತರ ಕಡಲ ಹಕ್ಕಿಗಳ ಮೂಗಿನ ಬಗ್ಗೆ ಇದ್ದ ಅಸಡ್ಡೆ ಹೋಯಿತೆನ್ನಬಹುದು. ಪೆಟ್ರೆಲ್ ತಾನೂ ವಾಸನೆಯ ಹಕ್ಕಿಯೇ. ಅದರ ಗರಿಗಳಲ್ಲಿ ಕಸ್ತೂರಿಯಂಥ ಕಟುವಾದ ಎಣ್ಣೆವಾಸನೆ ಇದ್ದು, ಸಂಗ್ರಹಾಲಯಗಳಲ್ಲಿ ಇರಿಸಿದ ಪೆಟ್ರೆಲ್ ಚರ್ಮಗಳು ದಶಕಗಳು ಕಳೆದರೂ ಅದನ್ನು ಬಿಡುವುದಿಲ್ಲ.

ಅದೇ ಕೊಳವೆಮೂಗಿಗೆ ಇನ್ನೊಂದು ಕೆಲಸವೂ ಇದೆ. ಸಿಹಿನೀರೇ ಸಿಗದ ಕಡೆ ಬದುಕುವ ಹಕ್ಕಿಯ ಮೈಗೆ ಆಹಾರದ ಜೊತೆ, ನೀರಿನ ಜೊತೆ ವಿಪರೀತ ಉಪ್ಪು ಸೇರುತ್ತದೆ. ಕಣ್ಣುಗಳ ಮೇಲ್ಭಾಗದಲ್ಲಿರುವ ಗ್ರಂಥಿಗಳು ರಕ್ತದಿಂದ ಆ ಉಪ್ಪನ್ನು ಸೋಸಿ ತೆಗೆಯುತ್ತವೆ. ಗಟ್ಟಿ ಉಪ್ಪುನೀರು ಮೂಗಿನ ಮೂಲಕ ಹನಿಯಾಗಿ ತೊಟ್ಟಿಕ್ಕುತ್ತದೆ.

ಹಿಮದ ಕೆಳಗಿನ ಒಂಟಿ ಮರಿ

ದಕ್ಷಿಣಾರ್ಧಗೋಳದ ಋತುಗಳು ನಮ್ಮವಕ್ಕೆ ತಿರುವುಮುರುವು. ನಮಗೆ ಮಾಗಿಯ ಚಳಿ ಹಿಡಿದಿರುವಾಗ ಅಲ್ಲಿ ಬೇಸಿಗೆ. ಅಂಟಾರ್ಕ್ಟಿಕಾದ ಕರಾವಳಿಯಲ್ಲಿ, ದಕ್ಷಿಣ ಶೆಟ್ಲೆಂಡ್, ದಕ್ಷಿಣ ಜಾರ್ಜಿಯಾ, ಕೆರ್ಗುಲೆನ್ ಮೊದಲಾದ ದ್ವೀಪಗಳಲ್ಲಿ ಪೆಟ್ರೆಲ್‌ಗಳು ನವೆಂಬರ್ ಹೊತ್ತಿಗೆ ಬಂದು ಸೇರುತ್ತವೆ. ಭಾರತದ ಭಾರತಿ ಸಂಶೋಧನಾ ಕೇಂದ್ರ 2012ರಿಂದ ಕೆಲಸ ಮಾಡುತ್ತಿರುವ ಲಾರ್ಸ್‌ಮನ್ ಗುಡ್ಡಗಳಲ್ಲೂ ಇವು ಗೂಡು ಮಾಡುತ್ತವೆ. ಗೂಡೆಂದರೆ ಕಲ್ಲುರಾಶಿಯ ನಡುವಿನ ಸಂದು, ಇಲ್ಲವೇ ಮಣ್ಣು ಮೆದುವಾಗಿರುವ ಕಡೆ ತೋಡಿದ ಬಿಲ. ಜೋಡಿಗಳು ಸಾಮಾನ್ಯವಾಗಿ ವರ್ಷವರ್ಷವೂ ಅದೇ ಸಂದಿಗೆ ಮರಳುತ್ತವೆ.

ಹೆಣ್ಣು ಇಡುವುದು ಒಂದೇ ಒಂದು ಬಿಳಿಯ ಮೊಟ್ಟೆ, ಆದರೆ ಅದರ ತೂಕ ತಾಯಿಯ ತೂಕದ ಸುಮಾರು ಕಾಲು ಭಾಗ. ಗಂಡು ಹೆಣ್ಣು ಸರದಿಯ ಮೇಲೆ ನಲವತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಕಾವು ಕೊಡುತ್ತವೆ. ಗೂಡಿಗೆ ಬಂದುಹೋಗುವುದೆಲ್ಲ ಕತ್ತಲೆಯಲ್ಲೇ, ಬೆಳದಿಂಗಳಿದ್ದರೆ ಅದೂ ಕಡಿಮೆ. ಸ್ಕುವಾ ಎಂಬ ದೊಡ್ಡ ಕಡಲ ಹಕ್ಕಿ ಬೇಟೆಗೆ ಕಾದಿರುತ್ತದೆ, ನೆಲದ ಮೇಲೆ ತೆವಳುವ ಪೆಟ್ರೆಲ್ ಅದಕ್ಕೆ ಸುಲಭದ ತುತ್ತು.

ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ತಂದೆತಾಯಿ ಇಬ್ಬರೂ ಅದನ್ನು ಒಂಟಿಯಾಗಿ ಬಿಟ್ಟು ಕಡಲಿಗೆ ಹೋಗುತ್ತವೆ. ಹಿಂದಿರುಗಿದವು ತರುವುದು ಅರ್ಧ ಜೀರ್ಣವಾದ ಕ್ರಿಲ್ ಮತ್ತು ಹೊಟ್ಟೆಯಲ್ಲಿ ತಯಾರಾದ ಒಂದು ಬಗೆಯ ಎಣ್ಣೆ. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹೊತ್ತು ತರಲು ಎಣ್ಣೆಗಿಂತ ಒಳ್ಳೆಯ ಉಪಾಯವಿಲ್ಲ. ಈ ಎಣ್ಣೆಯನ್ನು ಉಂಡ ಮರಿ ಗುಂಡಗಾಗಿ, ಒಂದು ಹಂತದಲ್ಲಿ ತಂದೆತಾಯಿಗಿಂತಲೂ ಹೆಚ್ಚು ತೂಗುತ್ತದೆ. ಆ ಕೊಬ್ಬು ಬೇಕೇಬೇಕು, ಏಕೆಂದರೆ ಬೇಸಿಗೆಯಲ್ಲೂ ಅಲ್ಲಿ ಹಿಮ ಸುರಿಯುತ್ತದೆ. ಹಿಮ ಸುರಿದು ಸಂದಿನ ಬಾಯಿ ಮುಚ್ಚಿಹೋದರೆ ಆಹಾರ ತಂದ ಹಕ್ಕಿ ಹೊರಗೆ, ಮರಿ ಒಳಗೆ. ಹಕ್ಕಿ ಕಾಲಿನಿಂದಲೂ ಕೊಕ್ಕಿನಿಂದಲೂ ಹಿಮವನ್ನು ಕೆರೆದು ದಾರಿ ಮಾಡಲು ಯತ್ನಿಸುತ್ತದೆ. ಹಿಮ ಗಟ್ಟಿಯಾಗಿದ್ದರೆ ಆಗುವುದಿಲ್ಲ. ಒಳಗಿನ ಮರಿ ಮೈಯ ಬಿಸಿಯನ್ನು ಇಳಿಸಿಕೊಂಡು, ಇರುವ ಕೊಬ್ಬನ್ನು ನಿಧಾನವಾಗಿ ಉರಿಸುತ್ತ, ಕೆಲವು ದಿನ ಉಪವಾಸವಿರಬಲ್ಲದು. ಅಷ್ಟರಲ್ಲಿ ಹಿಮ ಕರಗಿದರೆ ಉಳಿಯಿತು. ಕರಗದಿದ್ದರೆ ಆ ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು. ಕೆಲವು ನೆಲೆಗಳಲ್ಲಿ ಮರಿಗಳ ಸಾವಿಗೆ ಬೇಟೆಗಾರ ಹಕ್ಕಿಗಳಿಗಿಂತಲೂ ಹಿಮವೇ ದೊಡ್ಡ ಕಾರಣವಾಗುವ ವರ್ಷಗಳಿವೆ.

ಎಲ್ಲ ಸುಸೂತ್ರವಾದರೆ ಸುಮಾರು ಎರಡು ತಿಂಗಳಲ್ಲಿ ಮರಿಗೆ ರೆಕ್ಕೆ ಬಲಿಯುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅಂಟಾರ್ಕ್ಟಿಕಾದ ಹಗಲು ಕುಗ್ಗತೊಡಗುತ್ತದೆ, ಸುತ್ತಲಿನ ಸಮುದ್ರ ಹೆಪ್ಪುಗಟ್ಟತೊಡಗುತ್ತದೆ. ಚಳಿಗಾಲ ಮುಗಿಯುವ ವೇಳೆಗೆ ಆ ಖಂಡದ ಸುತ್ತ ಸುಮಾರು 1.8 ಕೋಟಿ ಚದರ ಕಿಲೋಮೀಟರ್ ಸಮುದ್ರ ಮಂಜುಗಡ್ಡೆಯಾಗಿರುತ್ತದೆ. ಅದು ಭಾರತದ ವಿಸ್ತೀರ್ಣದ ಐದು ಪಟ್ಟಿಗೂ ಹೆಚ್ಚು. ನೀರಿನ ಮೇಲ್ಪದರದಿಂದ ಹೆಕ್ಕಿ ತಿನ್ನುವ ಹಕ್ಕಿಗೆ ಮೇಲ್ಪದರವೇ ಇಲ್ಲವಾದ ಮೇಲೆ ಹೊರಡುವುದಲ್ಲದೆ ಬೇರೆ ದಾರಿಯಿಲ್ಲ.

ಮುಂಗಾರಿನ ಗಾಳಿ ಮಾಡುವ ಎರಡು ಕೆಲಸ

ಹೊರಟ ಹಕ್ಕಿಗಳು ಭೂಮಧ್ಯರೇಖೆಯನ್ನು ದಾಟುತ್ತವೆ. ಒಂದು ಪಾಲು ಅಟ್ಲಾಂಟಿಕ್‌ನ ಉತ್ತರಕ್ಕೆ, ಕೆನಡಾದ ಪೂರ್ವ ತೀರದವರೆಗೂ ಹೋಗುತ್ತದೆ. ಇನ್ನೊಂದು ಪಾಲು ಹಿಂದೂ ಮಹಾಸಾಗರದ ಮೂಲಕ ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಇಲ್ಲಿಗೇ ಬರುವುದಕ್ಕೆ ಕಾರಣ ನಮ್ಮ ಮುಂಗಾರು.

ಜೂನ್‌ನಲ್ಲಿ ಶುರುವಾಗುವ ನೈಋತ್ಯ ಮಾರುತ ನಮ್ಮ ಜಿಲ್ಲೆಗಳಿಗೆ ಏನು ಮಾಡುತ್ತದೆ ಎಂಬುದನ್ನು ಯಾರಿಗೂ ವಿವರಿಸಬೇಕಿಲ್ಲ. ಕಡಲಿನಿಂದ ತೇವ ಹೊತ್ತು ಬಂದ ಗಾಳಿ ಪಶ್ಚಿಮ ಘಟ್ಟಕ್ಕೆ ತಗುಲಿ ಕೊಡಗಿನಲ್ಲಿ, ಹಾಸನದ ಮಲೆಭಾಗದಲ್ಲಿ ಸುರಿಯುತ್ತದೆ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರು ಕನ್ನಂಬಾಡಿಗೆ ಬಂದು ಸೇರುತ್ತದೆ, ಕಟ್ಟೆ 124.80 ಅಡಿ ಮುಟ್ಟಿತೇ ಎಂದು ಮಂಡ್ಯದ ರೈತರು ದಿನವೂ ಪತ್ರಿಕೆ ನೋಡುತ್ತಾರೆ. ಇದು ಗಾಳಿಯ ಒಂದು ಕೆಲಸ. ಘಟ್ಟಕ್ಕೆ ತಗುಲುವ ಮೊದಲೇ ಅದು ಕಡಲಿನಲ್ಲಿ ಇನ್ನೊಂದು ಕೆಲಸ ಮುಗಿಸಿರುತ್ತದೆ.

ತೀರಕ್ಕೆ ಸಮಾನಾಂತರವಾಗಿ ಬಲವಾದ ಗಾಳಿ ಬೀಸಿದಾಗ ಸಮುದ್ರದ ಮೇಲಿನ ನೀರು ಗಾಳಿಯ ದಿಕ್ಕಿನಲ್ಲೇ ನೇರವಾಗಿ ಹೋಗುವುದಿಲ್ಲ. ಭೂಮಿ ತಿರುಗುತ್ತಿರುವುದರಿಂದ, ಉತ್ತರಾರ್ಧಗೋಳದಲ್ಲಿ ಅದು ಗಾಳಿಯ ಬಲಕ್ಕೆ ಸರಿಯುತ್ತದೆ. ಸೊಮಾಲಿಯಾ, ಒಮಾನ್ ತೀರಗಳುದ್ದಕ್ಕೂ ನೈಋತ್ಯ ಮಾರುತ ಬೀಸುವಾಗ ಬಲಕ್ಕೆ ಸರಿಯುವುದೆಂದರೆ ದಡದಿಂದ ದೂರ ಸರಿಯುವುದೆಂದೇ ಅರ್ಥ. ಹಾಗೆ ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಕೇರಳ, ಕರ್ನಾಟಕದ ತೀರದಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಹೀಗೆ ನೀರು ಮೇಲೇಳುತ್ತದೆ, ಒಮಾನ್‌ನಷ್ಟು ಜೋರಾಗಿ ಅಲ್ಲ. ಆಳದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಮುಂತಾದ ಲವಣಗಳು ಯಥೇಚ್ಛವಾಗಿರುತ್ತವೆ. ಗದ್ದೆಗೆ ಹಾಕುವ ಗೊಬ್ಬರದಲ್ಲಿರುವುದೂ ಮುಖ್ಯವಾಗಿ ಇದೇ ಸಾರಜನಕ ಮತ್ತು ರಂಜಕ. ಲವಣವೂ ಬೆಳಕೂ ಒಟ್ಟಿಗೆ ಸಿಕ್ಕ ತೇಲುಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ಮೇಯುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಅವುಗಳ ಹಿಂದೆ ಮೀನು. ಮಂಗಳೂರಿನಿಂದ ಮೈಸೂರಿನ ಮೀನಂಗಡಿಗಳಿಗೆ ಬರುವ ಬೂತಾಯಿ, ಬಂಗುಡೆಗಳ ಹಿಂದೆಯೂ ಇದೇ ಸರಣಿ ಇದೆ.

ಪೆಟ್ರೆಲ್ ಬರುವುದು ಈ ಹಬ್ಬದೂಟಕ್ಕೆ. ಮೇ ತಿಂಗಳ ಸುಮಾರಿಗೆ ನಮ್ಮ ಕಡಲಿನಲ್ಲಿ ಕಾಣತೊಡಗಿ, ಅಕ್ಟೋಬರ್ ವೇಳೆಗೆ ಮತ್ತೆ ದಕ್ಷಿಣಕ್ಕೆ ಮುಖ ಮಾಡುತ್ತದೆ. ತೀರಕ್ಕೆ ಹತ್ತಿರ ಬರುವುದು ಅಪರೂಪ; ಹಡಗು, ದೋಣಿಗಳ ಹಿಂದೆ ತಿರುಗುವುದು ಮಾತ್ರ ಅದರ ರೂಢಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಕಡಲೂ ಒರಟಾಗಿರುವುದರಿಂದ, ನಮ್ಮ ಊರಿನವರಿಗೆ ಅದು ಕಾಣುವುದು ಮುಂಗಾರಿಗೆ ಮುಂಚಿನ ಮೇ ತಿಂಗಳಲ್ಲಿ, ಇಲ್ಲವೇ ನಿಷೇಧ ಮುಗಿದ ಆಗಸ್ಟ್ ನಂತರ. ಹಕ್ಕಿಗೆ ಸುಗ್ಗಿಯ ಕಾಲವೆನಿಸಿದ ಆ ಎರಡು ತಿಂಗಳು ಅದನ್ನು ನೋಡಲು ಕಡಲಿನಲ್ಲಿ ಯಾರೂ ಇರುವುದಿಲ್ಲ.

ಕೋಟಿಗಟ್ಟಲೆ ಎಂದರೆ ಎಷ್ಟು?

ಜಗತ್ತಿನ ಅತಿ ಹೆಚ್ಚು ಸಂಖ್ಯೆಯ ಕಡಲ ಹಕ್ಕಿಗಳಲ್ಲಿ ಇದೂ ಒಂದು. ಅಂದಾಜು 1.2 ಕೋಟಿಯಿಂದ 3 ಕೋಟಿ. ಇಷ್ಟು ದೊಡ್ಡ ಅಂತರ ಉಳಿದಿರುವುದಕ್ಕೆ ಕಾರಣ ಸರಳ: ರಾತ್ರಿ ಮಾತ್ರ ಬರುವ, ಕಲ್ಲಿನ ಸಂದಿನಲ್ಲಿ ಅಡಗುವ ಹಕ್ಕಿಯನ್ನು ರಂಗನತಿಟ್ಟಿನ ಮರದ ಮೇಲಿನ ಕೊಕ್ಕರೆ ಗೂಡುಗಳಂತೆ ಎಣಿಸಲಾಗದು. ಸಂಶೋಧಕರು ಸಂದುಗಳ ಬಳಿ ಪೆಟ್ರೆಲ್ ಕೂಗಿನ ಧ್ವನಿಮುದ್ರಣ ಕೇಳಿಸಿ, ಒಳಗಿನಿಂದ ಎಷ್ಟು ಹಕ್ಕಿಗಳು ಉತ್ತರಿಸಿದವು ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ.

ಇಡೀ ಜಗತ್ತಿನ ಮಟ್ಟದಲ್ಲಿ ಇದು ಅಪಾಯದಲ್ಲಿರುವ ಹಕ್ಕಿಯೆಂದು ಪರಿಗಣಿತವಾಗಿಲ್ಲ. ಆದರೆ ದಕ್ಷಿಣ ಶೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪದಲ್ಲಿ ಕೆಲವು ದಶಕಗಳಿಂದ ಗಮನಿಸುತ್ತಿರುವ ನೆಲೆಗಳಲ್ಲಿ ಸಂಖ್ಯೆ ಬಹಳವಾಗಿ ಕುಸಿದಿದೆ. ಕ್ರಿಲ್‌ನ ಲಭ್ಯತೆ, ಹಿಮಪಾತದ ಏರುಪೇರು ಇವೆರಡೂ ಅದರ ಬದುಕನ್ನು ನೇರವಾಗಿ ತಟ್ಟುವಂಥವು. ಪ್ಲಾಸ್ಟಿಕ್ಕಿನ ತೊಂದರೆ ಮಾತ್ರ ಸ್ವಲ್ಪ ವಿಚಿತ್ರ: ಕಡಲಿನಲ್ಲಿ ತೇಲುವ ಚೂರುಗಳ ಮೇಲೆ ಪಾಚಿ ಬೆಳೆದು ಅದರಿಂದಲೂ ಡೈಮಿಥೈಲ್ ಸಲ್ಫೈಡ್ ವಾಸನೆ ಹೊಮ್ಮುತ್ತದೆ ಎಂದು 2016ರ ಅಧ್ಯಯನ ತೋರಿಸಿದೆ. ಊಟ ಹುಡುಕಿಕೊಡುವ ಮೂಗೇ ಹಕ್ಕಿಯನ್ನು ಕಸದತ್ತ ಒಯ್ಯುತ್ತದೆ.

ಒಳನಾಡಿನಲ್ಲಿ ಇಂಥ ಹಕ್ಕಿ ಸಿಕ್ಕರೆ

ಬಿರುಗಾಳಿಗೆ ಸಿಕ್ಕ ಕಡಲ ಹಕ್ಕಿಗಳು ದಿಕ್ಕು ತಪ್ಪಿ ಒಳನಾಡಿನಲ್ಲಿ ಬೀಳುವುದು ಅಪರೂಪವಾದರೂ ಉಂಟು. ಹಾಗಿದ್ದರೂ ಮೈಸೂರಿನಲ್ಲಿ ಬಾಲದ ಬುಡ ಬೆಳ್ಳಗಿರುವ ಪುಟ್ಟ ಕಪ್ಪು ಹಕ್ಕಿ ಅಂಗಳದಲ್ಲಿ ಬಿದ್ದಿದ್ದರೆ ಅದು ಬಾನಾಡಿ ಆಗಿರುವ ಸಂಭವವೇ ಹೆಚ್ಚು. ಹಳೆಯ ಕಟ್ಟಡಗಳ ಸೂರಿನಡಿ ಗೂಡು ಕಟ್ಟಿ ಸಂಜೆ ಗುಂಪಾಗಿ ಚೀರುತ್ತ ಸುತ್ತುವ ಹಕ್ಕಿ ಅದು. ವ್ಯತ್ಯಾಸ ತಿಳಿಯಲು ಕಾಲು ನೋಡಿದರೆ ಸಾಕು. ಬಾನಾಡಿಯ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಮೋಟು, ಉಗುರು ಮಾತ್ರ ಚೂಪು. ಪೆಟ್ರೆಲ್‌ನದು ಉದ್ದ ಕಡ್ಡಿಕಾಲು, ಬೆರಳುಗಳ ನಡುವೆ ಹಳದಿ ಪೊರೆ, ಕೊಕ್ಕಿನ ಮೇಲೆ ಕೊಳವೆ.

ಯಾವುದೇ ಆಗಲಿ, ಬರಿಗೈಯಿಂದ ಮುಟ್ಟುವುದು ಬೇಡ. ಹಕ್ಕಿಜ್ವರದ ವೈರಸ್ 2023ರಲ್ಲಿ ದಕ್ಷಿಣ ಜಾರ್ಜಿಯಾವನ್ನೂ ಮರುವರ್ಷ ಅಂಟಾರ್ಕ್ಟಿಕಾ ಖಂಡವನ್ನೂ ತಲುಪಿದೆ. ಅದಲ್ಲದೆ ಪೆಟ್ರೆಲ್ ಹೆದರಿದಾಗ ಹೊಟ್ಟೆಯ ಎಣ್ಣೆಯನ್ನು ಕಕ್ಕುತ್ತದೆ, ಆ ವಾಸನೆ ಬಟ್ಟೆಯಿಂದ ಬೇಗ ಹೋಗದು. ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯೂ ಮೌನವೂ ಇರುವ ಕಡೆ ಇರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು ಸರಿಯಾದ ಕ್ರಮ. ಅಕ್ಕಿ, ಹಾಲು, ಬ್ರೆಡ್ ಯಾವುದನ್ನೂ ಬಾಯಿಗೆ ಹಾಕಬಾರದು, ಬಕೆಟ್ಟಿನ ನೀರಿಗೆ ಬಿಡಬಾರದು. ನೀರಿನ ಹಕ್ಕಿಯಲ್ಲವೇ ಎಂದು ಹತ್ತಿರದ ಕೆರೆಗೋ ಕನ್ನಂಬಾಡಿಯ ಹಿನ್ನೀರಿಗೋ ಬಿಟ್ಟುಬರುವ ಆಸೆ ಸಹಜ. ಆದರೆ ಅಲ್ಲಿ ಅದು ಬಲ್ಲ ಆಹಾರವಿಲ್ಲ, ಕುಳಿತು ದಣಿವಾರಿಸಿಕೊಳ್ಳಲು ಹೋದರೆ ಹದ್ದು, ನಾಯಿಗಳ ಕಾಟ. ಪಶುವೈದ್ಯರು ನೋಡಿ, ಚೇತರಿಸಿಕೊಂಡಿದೆ ಎಂದ ಮೇಲೆ ಅದನ್ನು ಕರಾವಳಿಗೆ ಒಯ್ದು, ಸಾಧ್ಯವಾದರೆ ದೋಣಿಯಲ್ಲಿ ಕಡಲಿಗೇ ಬಿಡಬೇಕು.